ಎಡಗಡೆ ಸೀಟಿನ ಶಿಕ್ಷೆ

ಶಿಕ್ಷೆಯ ಬಗ್ಗೆ ಮಾತಾಡುವಾಗ ಮನುಷ್ಯರಿಗೆ ಬರುವ ಹುರುಪು ಊಟದ ಬಗ್ಗೆ ಮಾತಾಡುವಾಗಲೂ ಬರುವುದಿಲ್ಲವೇನೋ ಎಂದು ನನಗೆ ಬಹಳ ದಿನಗಳಿಂದ ಅನುಮಾನ. ಅದರಲ್ಲೂ ಶಿಕ್ಷೆ ಬೇರೆಯವರಿಗೆ ಎಂದಾದರೆ ಕೇಳುವುದೇ ಬೇಡ. ನಾನು ಮೂಡಲಗಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ದಿನಾ ಗೋಕಾಕದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಒಂದು ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿನಲ್ಲಿ, ಹೆದ್ದಾರಿಯಲ್ಲಿ ಮೈಮೇಲೆ ಪ್ರಜ್ಞೆ ಇಲ್ಲದಂತೆ ಗಾಡಿ ಓಡಿಸುವವರಿಗೆ ಏನು ಮಾಡಬೇಕು ಎಂಬ ಚರ್ಚೆ ಎದ್ದಿತು. ಡಬ್ಬಿಗಳು ಅರ್ಧಕ್ಕೇ ನಿಂತವು. ಲೈಸನ್ಸ್ ಕಿತ್ತುಕೊಳ್ಳಬೇಕೆಂದರು ಒಬ್ಬರು. ಗಾಡಿಯನ್ನೇ ಕಿತ್ತುಕೊಳ್ಳಬೇಕೆಂದರು ಇನ್ನೊಬ್ಬರು. ಇತಿಹಾಸದ ಸರ್ ತಮ್ಮ ವಿಷಯಕ್ಕೆ ತಕ್ಕಂತೆ ಆನೆಯ ಕಾಲಿನವರೆಗೂ ಹೋಗಿ, ಈಗ ಆನೆ ಸಿಗುವುದು ಕಷ್ಟವೆಂದು ನೆನಪಾಗಿ ಚೌಕದಲ್ಲಿ ಬಸ್ಕಿ ಹೊಡೆಸುವುದಕ್ಕೆ ಇಳಿದರು. ಅವರೆಲ್ಲರೂ ಬೆಳಿಗ್ಗೆ ಕಾಲೇಜಿನ ಗೇಟಿನೊಳಗೆ ಹೇಗೆ ನುಗ್ಗುತ್ತಾರೆಂದು ಬಸ್ಸಿಳಿದು ನಡೆದು ಬರುವ ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ರೂಢಿ.

"ಮೇಡಂ, ನೀವೂ ಏನರೆ ಹೇಳ್ರಿ" ಎಂದರು. ನಾನು ಹೇಳಿದೆ: "ಅಂಥವರನ್ನ, ಅವರಂಥವರೇ ಓಡಿಸೋ ಗಾಡಿಯ ಎಡಗಡೆ ಸೀಟಿನಲ್ಲಿ ಕೂರಿಸಬೇಕು. ಅಲ್ಲಿ ಕಾಲ ಕೆಳಗೆ ಬ್ರೇಕ್ ಇರೋದಿಲ್ಲ."

ಆನೆಯ ಸರ್ ಮೆಲ್ಲಗೆ, "ಇದು ಭಾಳ ಕ್ರೂರ ಆತ್ರಿ ಮೇಡಂ" ಎಂದರು. ಇಂಥದ್ದು ಹೊಳೆದದ್ದಾದರೂ ಹೇಗೆ ಎಂದು ಕೇಳಿದರು. ನಾನು ನಕ್ಕು ಚಪಾತಿ ಮುರಿದೆ. ಆ ಎಡಗಡೆ ಸೀಟು ನನ್ನದೇ, ತಿಂಗಳಿಗೊಮ್ಮೆ ನಾನು ಆ ಶಿಕ್ಷೆ ಅನುಭವಿಸಿ ಬರುತ್ತೇನೆ, ಬಲಗಡೆ ಕೂತಿರುವುದು ನಮ್ಮವ್ವ ಎಂದು ಹೇಗೆ ಹೇಳಲಿ?

ನಮ್ಮವ್ವ ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು. ಅವಳ ಶಾಲೆಯ ವರಾಂಡದಲ್ಲಿ ಯಾವ ಮಗುವೂ ಓಡುವಂತಿರಲಿಲ್ಲ. ಓಡಿ ಸಿಕ್ಕಿಬಿದ್ದವರಿಗೆ ಹೊಡೆತವಿಲ್ಲ, ಬೈಗುಳವಿಲ್ಲ. "ಎಲ್ಲಿಂದ ಓಡಿ ಬಂದಿ, ಅಲ್ಲಿಗೆ ವಾಪಸ್ ಹೋಗಿ ನಡಕೋತ ಬಾ" ಎನ್ನುತ್ತಿದ್ದಳು, ಅಷ್ಟೇ. ಇಂಥ ಹೆಂಗಸು ನಿವೃತ್ತಿಯಾದ ಮೇಲೆ ಕಾರು ಕಲಿಯುತ್ತೇನೆಂದಾಗ ನಾವು ನಿಶ್ಚಿಂತೆಯಿಂದಿದ್ದೆವು. ರಸ್ತೆಯ ಅಂಚಿನಲ್ಲಿ ಸಾವಕಾಶವಾಗಿ ಹೋಗಿ, ಕಾಯಿಪಲ್ಲೆ ತಂದುಕೊಂಡಾಳು ಎಂದು ನಮ್ಮ ಲೆಕ್ಕ.

ಆ ಲೆಕ್ಕದಲ್ಲಿ ನಾವು ಬಿಟ್ಟದ್ದು ಅವಳ ತವರುಮನೆಯನ್ನು. ಮೂಡಲಗಿಯ ಹತ್ತಿರದ ಹಳ್ಳಿ ಅದು. ಅವಳ ಅಪ್ಪ, ಅಂದರೆ ನನ್ನ ಅಜ್ಜ, ಶರ್ಯತ್ತಿನ ಎತ್ತು ಕಟ್ಟಿದವರು. ಗಾಡಿ ಓಡಿಸುವ ಪಂದ್ಯವೆಂದರೆ ಆ ಮನೆಯಲ್ಲಿ ಗಂಡಸರಿಗೆಲ್ಲ ಜ್ವರ ಬರುತ್ತಿತ್ತಂತೆ. ಹೆಣ್ಣುಮಕ್ಕಳು ಎತ್ತಿಗೆ ಹಿಂಡಿ ಕಲಸಬಹುದು, ಮೈ ತೊಳೆಯಬಹುದು, ಕೊಂಬಿಗೆ ಬಣ್ಣ ಹಚ್ಚಬಹುದು, ಗಾಡಿ ಹತ್ತುವಂತಿಲ್ಲ. ಅವ್ವ ಬದುವಿನ ಮೇಲೆ ನಿಂತು ಧೂಳನ್ನಷ್ಟೇ ನೋಡಿದವಳು. ಆಮೇಲೆ ಮದುವೆಯಾಯಿತು, ನೌಕರಿಯಾಯಿತು. ಎಲ್ಲಿಗೆ ಹೋಗಬೇಕಾದರೂ ಸೀರೆ ಉಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು, ಕರೆದುಕೊಂಡು ಹೋಗುವವರಿಗಾಗಿ ನಮ್ಮ ಮನೆಯ ಕಟ್ಟೆಯ ಮೇಲೆ ಕಾಯುತ್ತ ಕೂರುವ ಅವ್ವನೇ ನನ್ನ ಬಾಲ್ಯದ ಅವ್ವ. ಅಪ್ಪ ಹೋದ ಮೇಲೆ ಅಣ್ಣನಿಗೆ ಅಂಗಡಿಯಿಂದ ಬಿಡುವಾಗುವ ತನಕ ಕಾದಳು. ಒಂದು ದಿನ ಕಾಯುವುದನ್ನು ನಿಲ್ಲಿಸಿ ಸಣ್ಣದೊಂದು ಬಿಳಿ ಕಾರು ತಂದಳು.

ಅವಳು ಓಡಿಸುವುದನ್ನು ನೋಡಬೇಕು. ನಾನು ಹೆದರಿಕೆಯಿಂದ ಅರ್ಧ ಕಣ್ಣು ಮುಚ್ಚಿಕೊಂಡೇ ನೋಡಿದ್ದೇನೆ, ಆದರೂ ಹೇಳುತ್ತೇನೆ, ಅದು ಸುಂದರವಾದ ದೃಶ್ಯ. ಬೆನ್ನು ಸೀಟಿಗೆ ತಾಗುವುದಿಲ್ಲ. ಸೆರಗು ಅಲುಗುವುದಿಲ್ಲ. ಅಪ್ಪ ಹೋದ ಮೇಲೂ ತೆಗೆಯದ ಹಸಿರು ಬಳೆಗಳು ಕೈತುಂಬ ಇದ್ದರೂ ಒಂದಾದರೂ ಸದ್ದು ಮಾಡುವುದಿಲ್ಲ. ಕಾರು ಮಾತ್ರ, ಹಿಂದೆ ಯಾರೋ ಅಟ್ಟಿಸಿಕೊಂಡು ಬಂದಂತೆ ಹೋಗುತ್ತಿರುತ್ತದೆ. ಎಡಗಡೆ ನಾನು ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿರುತ್ತೇನೆ. ನನ್ನ ಬದಿಯ ಕಾಲೊರಸು ಚಾಪೆ ಹರಿದು ಅದರ ಕೆಳಗಿನ ಹಾಸು ಕಾಣುತ್ತಿದೆ. "ಅವ್ವಾ, ಸ್ವಲ್ಪ ಬ್ರೇಕ್..." ಎಂದರೆ, "ನಮ್ಮಪ್ಪನ ಗಾಡಿಗೆ ಬ್ರೇಕ್ ಎಲ್ಲಿತ್ತ?" ಎನ್ನುತ್ತಾಳೆ.

ಪ್ರತಿ ಅಮಾವಾಸ್ಯೆಗೆ ಅವಳಿಗೆ ನಿಡಸೋಸಿಯ ಮಠಕ್ಕೆ ಹೋಗಿ ಬರುವ ನೇಮ. ಗೋಕಾಕದಿಂದ ಹುಕ್ಕೇರಿ ದಾಟಿ ಹೋಗುವುದು, ಅದೇ ದಾರಿಯಲ್ಲಿ ತಿರುಗಿ ಬರುವುದು ಎಲ್ಲರ ಪದ್ಧತಿ. ನಮ್ಮವ್ವ ಮಾತ್ರ ಬರುವಾಗ ಹೆದ್ದಾರಿ ಹತ್ತಿ, ಬೆಳಗಾವಿಯ ದಿಕ್ಕಿಗೆ ಓಡಿ, ಆಮೇಲೆ ಒಳದಾರಿಗೆ ಇಳಿದು, ಅಂಕಲಗಿಯ ಮೇಲೆ ಸುತ್ತಿ ಗೋಕಾಕ ಮುಟ್ಟುತ್ತಾಳೆ. ಯಾಕೆ ಎಂದು ಅಣ್ಣ ಕೇಳಿದ್ದಕ್ಕೆ, "ಅಂಕಲಗ್ಯಾಗ ಬದನಿಕಾಯಿ ಚಲೋ ಸಿಗ್ತಾವ" ಎಂದಿದ್ದಳು. ಆ ಬದನೆಕಾಯಿಗಳನ್ನು ನಾವು ಇಂದಿಗೂ ಕಂಡಿಲ್ಲ. ಅವಳ ಭಕ್ತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಮಠ ಹೆದ್ದಾರಿಗೆ ಅಷ್ಟು ಹತ್ತಿರ ಇರದಿದ್ದರೆ ಈ ನೇಮ ವರ್ಷಕ್ಕೊಮ್ಮೆ ಆಗುತ್ತಿತ್ತೇನೋ.

ಹೀಗಿರುವಾಗ ಬೀಜ-ಗೊಬ್ಬರ ಮಾರುವ ನಮ್ಮಣ್ಣನ ಅಂಗಡಿಗೆ ಒಬ್ಬ ಗಿರಾಕಿ ಬರಿದಲೆಯಲ್ಲಿ ಬಂದು ನಿಂತ. "ನಿಮ್ಮ ತಾಯಾರು ನನ್ನ ಬೈಕ್ ದಾಟಿ ಹೋದ ಗಾಳಿಗೆ ನನ್ನ ಟೊಪಿಗಿ ಹಾರಿ ಕಾಲುವ್ಯಾಗ ಬಿತ್ರಿ" ಎಂದ. ಅಣ್ಣ ಅಂಗಡಿ ಮುಚ್ಚಿಕೊಂಡೇ ಮನೆಗೆ ಬಂದ.

"ಇವತ್ತ ಟೊಪಿಗಿ ಹೋತು, ನಾಳೆ ತಲೀನ ಹೋಗ್ತೈತಿ" ಎಂದ.

"ಆಂವನ ಟೊಪಿಗಿ ಸಡ್ಲ ಇತ್ತು" ಎಂದಳು ಅವ್ವ.

"ಅವ್ವಾ, ನಗಚಾಟಿಕಿ ಅಲ್ಲ ಇದು. ಈ ಅಮಾಸಿಗೆ ಒಂದು ಚಾನ್ಸ್. ತಂಗಿ ಬಾಜೂ ಕುಂಡ್ರತಾಳ. ಆಕಿ ಬಂದು ಏನ್ ಹೇಳ್ತಾಳ ಅದ ಫೈನಲ್. ಜೋರ್ ಹೊಡದ್ಲು ಅಂತ ಆಕಿ ಬಾಯಾಗ ಬಂತಂದ್ರ ಗಾಡಿ ಮಾರೂದು." ನನ್ನತ್ತ ತಿರುಗಿ, "ನೀ ಸಂಖ್ಯಾಶಾಸ್ತ್ರ ಕಲಸಾಕಿ, ಸುಳ್ಳ ಹೇಳೂದಿಲ್ಲ" ಎಂದ. ನಮ್ಮ ಶಾಸ್ತ್ರದವರ ಬಗ್ಗೆ ಜನ ಸಾಮಾನ್ಯವಾಗಿ ಇದರ ವಿರುದ್ಧದ್ದನ್ನೇ ಹೇಳುತ್ತಾರೆ. ಅಣ್ಣನಿಗೆ ಅದು ಗೊತ್ತಿಲ್ಲದ್ದಕ್ಕೆ ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಅವ್ವ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಕಾರು ಬಂದ ಮೇಲೆ ಅವಳು ಅಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ.

ಅಮಾವಾಸ್ಯೆಯ ದಿನ ಹೋಗುವಾಗ ಅವ್ವ ಪರೀಕ್ಷೆಗೆ ಕೂತ ಹುಡುಗಿಯಂತೆ ಓಡಿಸಿದಳು. ಹುಕ್ಕೇರಿಯಲ್ಲಿ ಒಂದು ಆಡು ರಸ್ತೆ ದಾಟಲೋ ಬೇಡವೋ ಎಂದು ಯೋಚಿಸುವ ತನಕ ಕಾದಳು. ದರ್ಶನವಾಯಿತು, ಪ್ರಸಾದವಾಯಿತು, ತೆಂಗಿನಕಾಯಿ ಹಿಂದಿನ ಸೀಟಿನಲ್ಲಿ ಕೂತಿತು. ತಿರುಗಿ ಬರುವಾಗ ಹೆದ್ದಾರಿಯ ಕಡೆಗೇ ಸ್ಟೇರಿಂಗ್ ತಿರುಗಿತು.

"ಅವ್ವಾ, ಅಣ್ಣ ಕೇಳ್ತಾನ" ಎಂದೆ.

"ಹೈವೇ ಮ್ಯಾಲೆ ಸಾವಕಾಶ ಹೋಗಬಾರದಂತ ಕಾನೂನ್ ಐತೇನ? ಸಾವಕಾಶನ ಹೋಗೂನು."

ಹಾಗೆಯೇ ಹೋದೆವು, ಒಂದು ಕಪ್ಪು ಕಾರು ಹಿಂದಿನಿಂದ ಹಾರ್ನ್ ಬಾರಿಸಿ, ದೀಪ ಮಿಣುಕಿಸಿ, ನಮ್ಮನ್ನು ದಾಟಿ ಹೋಗುವವರೆಗೆ. ಅದರ ಹಿಂದಿನ ಕಿಟಕಿಯಿಂದ ಒಬ್ಬ ಯುವಕ ತಲೆ ಹೊರಹಾಕಿ, "ಅಜ್ಜೀ, ಬಾಜೂಕ ಹೊಡೀರಿ!" ಎಂದು ಕೂಗಿದ. ಅಲ್ಲಿಯವರೆಗೆ ಸೀಟಿಗೆ ಒರಗಿದ್ದ ಅವ್ವನ ಬೆನ್ನು ಮುಂದೆ ಬಂತು. ಅಜ್ಜನ ಎತ್ತುಗಳಿಗೂ ಹೀಗೆಯೇ ಕಿವಿ ನೆಟ್ಟಗಾಗುತ್ತಿದ್ದವೇನೋ.

ಕಪ್ಪು ಕಾರನ್ನು ದಾಟಿದೆವು. ಆಮೇಲೆ ಒಂದು ದಿಬ್ಬ. ದಿಬ್ಬದ ಆಚೆ ರಸ್ತೆಯ ಮೇಲೆ ಕಪ್ಪಗೆ ಏನೋ ಹರಡಿಕೊಂಡಿತ್ತು. ಮೋಡದ ನೆರಳು ಎಂದುಕೊಂಡೆ. ನೆರಳಿಗೆ ಕಿವಿಗಳಿದ್ದವು.

ಅವ್ವ ಬ್ರೇಕ್ ಒತ್ತಿದಳು. ನಾನೂ ಒತ್ತಿದೆ, ಜೀವಮಾನದಲ್ಲೇ ಎಂದೂ ಒತ್ತದಷ್ಟು. ಟೈರು ಚೀರಿತು. ತೆಂಗಿನಕಾಯಿ ಹಿಂದಿನಿಂದ ಉರುಳಿ ನನ್ನ ಪಾದದ ಹತ್ತಿರ ಬಂದು ನಿಂತಿತು. ಕಾರೂ ನಿಂತಿತು. ಎದುರಿಗೆ ಒಂದು ಕುರಿ. ಬಾನೆಟ್ಟಿಗೂ ಅದರ ಮೂಗಿಗೂ ನಡುವೆ ಒಂದು ಕೈ ತೂರಿಸುವಷ್ಟು ಜಾಗ. ಅದು ಬಾಯಲ್ಲಿದ್ದ ಹುಲ್ಲನ್ನು ಅಗಿಯುವುದನ್ನೂ ನಿಲ್ಲಿಸದೆ ಗಾಜಿನೊಳಗಿಂದ ನನ್ನನ್ನೇ ನೋಡಿತು. ಆಗ ಕೇಳಿಸಿತು, ಸಣ್ಣಗೆ, ಬಿಡದೆ, ಅವ್ವನ ಬಳೆಗಳ ಸದ್ದು.

ಯಾವ ಕುರಿಗೂ ಏನೂ ಆಗಿರಲಿಲ್ಲ. ಆದರೆ ಹಿಂಡು ಚದುರಿಹೋಗಿತ್ತು. ಅರ್ಧ ಆಚೆ ದಾಟಿತ್ತು, ಅರ್ಧ ಬೆದರಿ ಈಚೆ ಜಿಗಿದಿತ್ತು, ಒಂದಿಷ್ಟು ಪಕ್ಕದ ಕಬ್ಬಿನ ಹೊಲಕ್ಕೆ ನುಗ್ಗಿ ಯಾರದ್ದೋ ಬೆಳೆಯ ರುಚಿ ನೋಡುತ್ತಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದ ಕುರುಬರ ಹಿರಿಯರೊಬ್ಬರು ನಮ್ಮ ಕಿಟಕಿಗೆ ಬಂದರು. ಬೀರಪ್ಪ ಎಂದು ಹೆಸರು, ಆಮೇಲೆ ತಿಳಿಯಿತು.

"ಏನ್ರಿ ಅಕ್ಕಾರ, ರಾಕೆಟ್ ಬಿಟ್ಟೀರೇನು? ನಮ್ಮ ಕುರಿ ಇಂಡಿಕೇಟರ್ ಹಾಕ್ಕೊಂಡ ದಾಟಬೇಕೇನ್ರಿ?"

ಅಷ್ಟರಲ್ಲಿ ಎರಡೂ ಕಡೆ ವಾಹನಗಳು ನಿಂತು, ಜನ ಇಳಿದು, ಒಂದು ನ್ಯಾಯಾಲಯವೇ ಕೂಡಿತು. ನಮ್ಮ ಸ್ಟಾಫ್ ರೂಮೇ ರಸ್ತೆಗೆ ಬಂದಂತಿತ್ತು. ಲಾರಿಯವನು, "ಲೈಸನ್ಸ್ ಕಸ್ಕೊರಿ" ಎಂದ. ಬೈಕಿನವನೊಬ್ಬ ಮೊಬೈಲ್ ಎತ್ತಿ, "ವಿಡಿಯೊ ಬಿಡೂನು, ಮಂದಿಗೆ ಬುದ್ಧಿ ಬರಲಿ" ಎಂದು ಚಿತ್ರೀಕರಣಕ್ಕೆ ನಿಂತ. ಕಪ್ಪು ಕಾರಿನ ಯುವಕನೂ ಬಂದು ಸೇರಿ, "ಈ ವಯಸ್ಸಿನವರಿಗೆ ಗಾಡೀನ ಕೊಡಬಾರದ್ರಿ" ಎಂದ. ನಮ್ಮ ಕಾರು ಅಡ್ಡ ಇರದಿದ್ದರೆ ಆ ಕುರಿಗಳ ಮೇಲೆ ಹೋಗುತ್ತಿದ್ದವನು ಅವನೇ. ನಾನು ಎಂದಿನಂತೆ ಸುಮ್ಮನಿದ್ದೆ, ಒಳಗೆ ಮಾತ್ರ ಅವನನ್ನು ಆನೆಯ ಸರ್‌ಗೆ ಒಪ್ಪಿಸಿಬಿಟ್ಟೆ.

ಬೀರಪ್ಪನವರು ಕೋಲಿನಿಂದ ನೆಲ ಕುಟ್ಟಿದರು. "ಎಲ್ಲಾರೂ ಸುಮ್ಕಿರ್ರಿ. ಲೈಸನ್ಸ್ ತಗೊಂಡು ನಾ ಏನ್ ಮಾಡ್ಲಿ, ಕುರಿಗೆ ಹಾಕ್ಲ್ಯಾ? ನಮ್ಮ ಅಳಿಯ ಹುಕ್ಕೇರಿ ಸಂತಿಗೆ ಹೋಗ್ಯಾನ. ನಾನೂ ನನ್ನ ಹೇಣ್ತಿ ಇಬ್ರ ಅದೀವಿ. ಹೊತ್ತು ಮುಳಗೂದ್ರಾಗ ಇವನ್ನೆಲ್ಲಾ ಕೂಡಿಸಿ, ಆಚೀ ಕಡೆ ಹೊಲದಾಗ ರಾತ್ರಿಗೆ ತರಬಿ ನಿಲ್ಲಸಬೇಕು. ಅಕ್ಕಾರ, ನೀವ ಚದರಿಸೀರಿ, ನೀವ ಕೂಡಸ್ರಿ. ನಮ್ಮ ಕೂಡ ನಡೀರಿ ಹೊಲದ ತನಕ. ಅದ ನಿಮ್ಮ ದಂಡ."

ಜನ ನಕ್ಕರು. ಅವ್ವ ನಗಲಿಲ್ಲ. ಕಾರಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬರೋಬ್ಬರಿ ಐತಿ. ಓಡಿದಾಕಿ ನಡೀಬೇಕು" ಎಂದಳು. ಶಾಲೆಯ ವರಾಂಡದಲ್ಲಿ ಅಷ್ಟು ವರ್ಷ ಕೊಟ್ಟ ಶಿಕ್ಷೆಯನ್ನು ಅವಳು ಗುರುತು ಹಿಡಿದಿದ್ದಳು.

ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳುವುದೋ ತಿಳಿಯದು. ಒಂದೊಂದಾಗಿ ಎಂಜಿನ್ನುಗಳು ಆರಿದವು. ಹೆದ್ದಾರಿಗೆ ತನ್ನದೇ ಒಂದು ಮೌನವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಂಟೇನರುಗಳು, ಎಣ್ಣೆಯ ಟ್ಯಾಂಕರುಗಳು, ಹಗಲಿರುಳು ನಿಲ್ಲದ ಬಸ್ಸುಗಳು, ಎಲ್ಲವೂ ತಲೆ ತಗ್ಗಿಸಿದಂತೆ ನಿಂತವು. ಅವುಗಳ ನಡುವೆ ಕುರಿಗಳು ಹರಿದವು. ಕಪ್ಪು, ಕಂದು, ಬೂದು ಬೆನ್ನುಗಳು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಕಬ್ಬಿನ ಹೊಲದಿಂದ ಮತ್ತಷ್ಟು. ಡಾಂಬರಿನ ಮೇಲೆ ಗೊರಸುಗಳ ಸದ್ದು ಮೊರದಲ್ಲಿ ಜೋಳ ಕೇರಿದಂತೆ ಕೇಳಿಸುತ್ತಿತ್ತು. ಬೆನ್ನ ಮೇಲೆ ಹಾಸಿಗೆ, ಪಾತ್ರೆ, ಬಲೆಯ ಚೀಲದಲ್ಲಿ ಮರಿಗಳನ್ನು ಹೊತ್ತ ಸಣ್ಣ ಕುದುರೆಯೊಂದು ಮದುವಣಿಗನ ಗತ್ತಿನಲ್ಲಿ ದಾಟಿತು. ಎಲ್ಲಕ್ಕಿಂತ ಹಿಂದೆ ಒಂದು ಕುಂಟು ಕುರಿ. ಅದು ಹೆಜ್ಜೆ ಹಾಕಿ ನಿಲ್ಲುತ್ತಿತ್ತು, ಮತ್ತೆ ಹೆಜ್ಜೆ ಹಾಕುತ್ತಿತ್ತು. ಇಡೀ ಹೆದ್ದಾರಿ ಅದಕ್ಕಾಗಿ ಕಾಯುತ್ತಿತ್ತು. ಅದರ ಹಿಂದೆ, ಅದು ನಿಂತಾಗ ನಿಂತು, ನಡೆದಾಗ ನಡೆಯುತ್ತ, ದಾರಿಯಲ್ಲಿ ಕಂಡದ್ದನ್ನೆಲ್ಲ ದಾಟಿ ಹೋಗುವ ನಮ್ಮವ್ವ.

ನನ್ನ ಕಣ್ಣು ತೇವವಾಯಿತು. ಧೂಳಿತ್ತು ಎಂದೂ ಹೇಳಬಹುದು.

ಆದರೆ ತೇವ ಒರೆಸಿಕೊಳ್ಳಲು ಸಮಯವಿರಲಿಲ್ಲ. ಕಾರನ್ನು ನಡುರಸ್ತೆಯಲ್ಲಿ ಬಿಡುವಂತಿರಲಿಲ್ಲ. ನನ್ನ ಹತ್ತಿರ ಲೈಸನ್ಸ್ ಇದೆ, ಸ್ವಭಾವ ಇಲ್ಲ. ಬಲಗಡೆ ಸೀಟಿಗೆ ಸರಿದು, ಕಾರನ್ನು ಹಿಂಡು ಇಳಿದ ಸರ್ವಿಸ್ ರೋಡಿಗೇ ಇಳಿಸಿ, ಅದರ ಹಿಂದೆ ಹೊರಟೆ. ಕುರಿಯ ವೇಗಕ್ಕೆ ಮೊದಲನೆಯ ಗೇರೂ ಹೆಚ್ಚಾಗುತ್ತದೆ ಎಂದು ತಿಳಿದದ್ದು ಆಗ. ಕ್ಲಚ್ ಒತ್ತಿ, ಬಿಟ್ಟು, ಒತ್ತಿ, ಎಡಗಾಲು ನನ್ನದಲ್ಲ ಅನಿಸತೊಡಗಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಒಂದು ಡೊಳ್ಳಿನ ಹಾಡು ಹಾಕಿಕೊಂಡು ಹಾರ್ನ್ ಹೊಡೆಯುತ್ತಿತ್ತು. ಅದರ ಹಿಂದೆ ಬೈಕುಗಳು. ಸೈಕಲ್ಲಿನವನೊಬ್ಬ ನನ್ನನ್ನು ದಾಟಿ, ತಿರುಗಿ ನೋಡಿ, ಮರುಕದಿಂದ ತಲೆ ಅಲ್ಲಾಡಿಸಿದ. ಮೇವಿನ ಹೊರೆ ಹೊತ್ತ ಒಬ್ಬ ಅಜ್ಜಿ ನನ್ನ ಜೊತೆಜೊತೆಗೇ ಸ್ವಲ್ಪ ದೂರ ನಡೆದು, ಕೊನೆಗೆ ಕಿಟಕಿಗೆ ಬಗ್ಗಿ, "ಗಾಡಿ ಕೆಟ್ಟೈತೇನವಾ? ನೂಕ್ಲೇನ?" ಎಂದು ಕೇಳಿದಳು. ಬೈಕಿನ ವಿಡಿಯೊದವನು ಇದನ್ನೆಲ್ಲ ಬಿಡದೆ ಹಿಡಿದುಕೊಂಡ. ಅವನಿಗೆ ಬೇರೇನೂ ಕೆಲಸ ಇದ್ದಂತಿರಲಿಲ್ಲ.

ಮುಂದೆ ಅವ್ವ ಹಗುರಾಗುತ್ತ ಹೋದಳು. ಬೀರಪ್ಪನವರ ಹೆಂಡತಿ ಅವಳ ಕೈಗೊಂದು ಮರಿ ಕೊಟ್ಟಿದ್ದರು. ಬೀರಪ್ಪನವರಂತೆ ನಾಲಿಗೆ ಮಡಚಿ ಹಿಂಡನ್ನು ಕರೆಯಲು ನೋಡಿದಳು. ಒಂದು ಕುರಿಯೂ ತಿರುಗಲಿಲ್ಲ. ಶಾಲೆಯ ದನಿಯಲ್ಲಿ, "ಏಯ್, ಸಾಲ ಹಿಡೀರಿ!" ಎಂದಳು. ದೊಡ್ಡ ಹೋತವೊಂದು ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿತು.

"ಅಕ್ಕಾರ, ಅವು ಸಾಲಿ ಹುಡುಗೂರಲ್ರಿ" ಎಂದು ಬೀರಪ್ಪನವರು ನಕ್ಕರು.

"ಅದಕ್ಕ ಸುಮ್ಕ ನಡ್ಯಾಕತ್ತಾವ" ಎಂದಳು ಅವ್ವ.

ಹೊಲ ಮುಟ್ಟಿದಾಗ ಸೂರ್ಯ ಕಬ್ಬಿನ ತುದಿಗೆ ಬಂದಿದ್ದ. ಮರಿಯನ್ನು ಅದರ ತಾಯಿಯ ಹತ್ತಿರ ಬಿಟ್ಟು, "ಶಿಕ್ಷಾ ಮುಗೀತೇನ್ರಿ?" ಎಂದು ಕೇಳಿದಳು. "ಮುಗೀತ್ರಿ. ಅಳಿಯ ನಾಳಿನೂ ಬರೂದಿಲ್ಲ, ನೀವ ಬರ್ತೀರೇನು?" ಎಂದರು ಬೀರಪ್ಪ. ಅವ್ವ ಕೈ ಮುಗಿದು, ಕಾಲು ನೋಯುತ್ತಿದ್ದುದರಿಂದ ತಾನಾಗಿಯೇ ಎಡಗಡೆ ಸೀಟಿನಲ್ಲಿ ಕೂತಳು.

ಅಲ್ಲಿಂದ ಗೋಕಾಕದವರೆಗೆ ನಾನು ಓಡಿಸಿದೆ, ನನ್ನ ಸ್ವಭಾವದಂತೆ. ಎಡಗಡೆಯ ಶಿಕ್ಷೆಯನ್ನು ನಾನು ಕಂಡುಹಿಡಿದಿದ್ದೆ, ನಿಜ. ಆದರೆ ಪಕ್ಕದಲ್ಲಿ ನಿಧಾನವಾಗಿ ಓಡಿಸುವವರಿದ್ದರೆ ಅದು ಹತ್ತುಪಟ್ಟಾಗುತ್ತದೆಂದು ಯೋಚಿಸಿರಲಿಲ್ಲ. "ಆ ಟ್ರ್ಯಾಕ್ಟರ್ ದಾಟಲ." "ರಸ್ತೆ ಖಾಲಿ ಐತಲ." "ಯಾರನ್ನ ಕಾಯಾಕತ್ತೀ?" ಅಂಕಲಗಿ ಬರುವ ಹೊತ್ತಿಗೆ ಅವಳ ಬಲಗಾಲು ನನ್ನ ಹಳೆಯ ಚಾಪೆಯ ಹರಿದ ಜಾಗವನ್ನೇ ಹುಡುಕಿ ಒತ್ತುತ್ತಿತ್ತು, ಇಲ್ಲದ ಆಕ್ಸಿಲರೇಟರಿಗಾಗಿ.

ಮನೆಯ ಕಟ್ಟೆಯ ಮೇಲೆ ಅಣ್ಣ ಕೂತಿದ್ದ. "ಹೇಳು, ಎಷ್ಟ ಜೋರ್ ಹೊಡದ್ಲು?" ಎಂದ.

ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಿದ್ದೆ. ಸುಳ್ಳು ನನ್ನಿಂದಾಗದು. ಕಟ್ಟೆಯ ಮೇಲೆ ಮತ್ತೆ ಚೀಲ ಮಡಿಲಲ್ಲಿಟ್ಟುಕೊಂಡು ಕಾಯುವ ಅವ್ವನನ್ನು ನೋಡುವುದೂ ಆಗದು. ಅಳೆದು ತೂಗಿ ಹೇಳಿದೆ: "ನಿಡಸೋಸಿ ಬಿಟ್ಟಾಗಿನಿಂದ ಇಲ್ಲಿ ಮುಟ್ಟುವ ತನಕ ನಮ್ಮ ಗಾಡಿಯ ಸರಾಸರಿ ವೇಗ ಸೈಕಲ್ಲಿಗಿಂತ ಕಡಿಮೆ." ಒಂದಕ್ಷರವೂ ಸುಳ್ಳಲ್ಲ. ಸರಾಸರಿಯನ್ನು ನಂಬಬೇಡಿ, ಅದು ಏನನ್ನು ಮುಚ್ಚಿಡುತ್ತದೆಂದು ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವವಳೂ ನಾನೇ.

ಆದರೆ ಅವ್ವ ನನ್ನ ಶಾಸ್ತ್ರದ ನೆರಳಿನಲ್ಲಿ ನಿಲ್ಲಲಿಲ್ಲ. ಕೀಲಿಯನ್ನು ಅಣ್ಣನ ಪಕ್ಕ ಕಟ್ಟೆಯ ಮೇಲಿಟ್ಟಳು. "ನಾ ಜೋರ್ ಹೊಡದ್ನೆಪಾ. ಕುರಿ ಮ್ಯಾಲೆ ಹೋಗ್ತಿದ್ನಿ. ಮಾರೂದಿದ್ರ ಮಾರು" ಎಂದಳು. ಬಳೆಗಳು ಮತ್ತೊಮ್ಮೆ ಸದ್ದು ಮಾಡಿದವು.

ಅಣ್ಣ ಮೊಬೈಲ್ ತೆಗೆದು ತೋರಿಸಿದ. ಸಂಜೆಯೇ ಅವನ ಅಂಗಡಿಯ ಗಿರಾಕಿಗಳ ಗುಂಪಿಗೆ ವಿಡಿಯೊ ಬಂದಿತ್ತು. ಅದರಲ್ಲಿ ಅವ್ವ ಮರಿ ಎತ್ತಿಕೊಂಡು ಕುಂಟು ಕುರಿಯ ಹಿಂದೆ ನಡೆಯುತ್ತಿದ್ದಳು. ಹಿಂದೆ ನಮ್ಮ ಬಿಳಿ ಕಾರು, ಸ್ಟೇರಿಂಗಿಗೆ ಅಂಟಿಕೊಂಡ ನನ್ನ ಮುಖ, ನೂಕಲು ಸಿದ್ಧಳಾದ ಅಜ್ಜಿ, ಅವಳ ಹಿಂದೆ ಹುಕ್ಕೇರಿ ತಾಲ್ಲೂಕಿನ ಅರ್ಧ ವಾಹನಗಳು. ಟೊಪ್ಪಿಗೆ ಕಳೆದುಕೊಂಡ ಗಿರಾಕಿಯೇ ಅದರ ಕೆಳಗೆ ಬರೆದಿದ್ದ: "ಇಷ್ಟ ಸಾವಕಾಶ ಹೊಡಿಯೂ ಡ್ರೈವರ್‌ಗೆ ಏನ್ ಶಿಕ್ಷಾ ಕೊಡಬೇಕ್ರಿ?"

"ತಂಗಿ ಹೇಳಿದ್ದ ಫೈನಲ್ ಅಂದಿದ್ನಿ" ಎಂದು ಅಣ್ಣ ಕೀಲಿಯನ್ನು ಅವ್ವನ ಕೈಗೆ ತಿರುಗಿಸಿದ. "ನಡದು ಬಂದೀಯಲ, ಸಾಕು. ಆದರ ಅವ್ವಾ, ಇಕಿ ಕೈಯಾಗ ಮಾತ್ರ ಗಾಡಿ ಕೊಡಬ್ಯಾಡ. ಮಂದಿ ದಾರಿ ನಿಂದರಸ್ತಾಳ. ಇಕಿ ಎಡಗಡೆನ ಕುಂಡ್ರಲಿ."

ಹೀಗೆ ನಾನು ರೂಪಿಸಿದ ಶಿಕ್ಷೆ ನನಗೇ ಖಾಯಂ ಆಯಿತು, ಅದೂ ನಿಧಾನವಾಗಿ ಓಡಿಸಿದ ಅಪರಾಧಕ್ಕೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಲ್ಲ. ವಿಡಿಯೊ ಅವರಿಗೂ ತಲುಪಿದೆ. ಅವರೂ ಸೌಜನ್ಯದಿಂದ ಹೇಳಿಲ್ಲ. ಡಬ್ಬಿ ತೆರೆಯುವಾಗ ಆನೆಯ ಸರ್ ಮಾತ್ರ ಒಮ್ಮೊಮ್ಮೆ ಸಣ್ಣಗೆ ಬ್ಯಾ ಎನ್ನುತ್ತಾರೆ.

ಮೊನ್ನೆ ಅಮಾವಾಸ್ಯೆಗೆ ಮತ್ತೆ ಹೋಗಿದ್ದೆವು. ಬರುವಾಗ ಆ ದಿಬ್ಬ ಇನ್ನೂ ದೂರವಿದ್ದಾಗಲೇ ಅವ್ವ ವೇಗ ಇಳಿಸಿದಳು. ಕಬ್ಬಿನ ಹೊಲದ ಕಡೆ ನೋಡಿದಳು, ಈಚೆ ನೋಡಿದಳು. ಕುರಿಗಳಿರಲಿಲ್ಲ, ಬೀರಪ್ಪನವರ ಹಿಂಡು ಯಾವ ಸೀಮೆಯ ಹೊಲದಲ್ಲಿತ್ತೋ. ಆದರೂ ಆ ಜಾಗ ಮುಗಿಯುವವರೆಗೆ ಕುಂಟು ಕುರಿಯ ಹಿಂದೆ ಹೋಗುವಂತೆಯೇ ಹೋದಳು. ಹಿಂದಿನವರು ಹಾರ್ನ್ ಹೊಡೆದರು. ಅವಳ ಬೆನ್ನು ಸೀಟು ಬಿಟ್ಟು ಏಳಲಿಲ್ಲ. ನಾನು ಬೆರಗಾಗಿ ಅವಳನ್ನೇ ನೋಡುತ್ತ ಕೂತೆ. ಲಾರಿ ದಾಟಿತು, ಬಸ್ಸು ದಾಟಿತು, ಕಡೆಗೆ ಕಬ್ಬಿನ ಟ್ರ್ಯಾಕ್ಟರೂ ದಾಟಿತು. ನನ್ನ ಬಲಗಾಲು ಎಂದಿನಂತೆ ಚಾಪೆಯನ್ನು ಬಲವಾಗಿ ಒತ್ತಿಕೊಂಡಿತ್ತು. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ, ಅದು ಹುಡುಕುತ್ತಿದ್ದುದು ಬ್ರೇಕನ್ನಲ್ಲ.